ಸೀಸದ ಹೂವಿನ ಪಂಜರ

ಆಂಡರ್ಸನ್‌ಪೇಟೆಯ ನಮ್ಮ ಕನ್ನಡ ಶಾಲೆಯವರು ಅಮ್ಮಾಜಮ್ಮನನ್ನು ಮೊದಲು ಕಂಡದ್ದು ೧೯೫೪ನೆಯ ಇಸವಿಯಲ್ಲಿ, ಬೇಸಗೆಯ ರಜೆ ಮುಗಿದು ಶಾಲೆ ತೆರೆದ ದಿನ. ಬೇಲಿಯ ಹೊರಗೆ ಹೊಂಗೆಮರದ ಕೆಳಗೆ ನೆಲದಲ್ಲಿ ಗುಳಿ ತೋಡಿ, ಇದ್ದಲು ತುಂಬಿ, ಒಬ್ಬ ಹೆಂಗಸು ತಿದಿಯೊತ್ತುತ್ತ ಕುಳಿತಿದ್ದಳು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವ ಗಂಡಸರನ್ನು ಎಲ್ಲರೂ ನೋಡಿದ್ದರು. ಹೆಂಗಸನ್ನು ಯಾರೂ ನೋಡಿರಲಿಲ್ಲ. ಗಂಟೆ ಹೊಡೆದರೂ ಮಕ್ಕಳು ಒಳಗೆ ಬರಲಿಲ್ಲ. ಅವರನ್ನು ಕರೆತರಲು ಹೋದ ಮೇಷ್ಟರೂ ಅಲ್ಲಿಯೇ ನಿಂತುಬಿಟ್ಟರು.

ಆಕೆ ಕಾದ ಪಾತ್ರೆಯೊಳಕ್ಕೆ ನವಸಾಗರದ ಪುಡಿ ಚಿಮುಕಿಸಿ, ತವರದ ಕಡ್ಡಿಯನ್ನು ಒಂದು ಸುತ್ತು ಸವರಿ, ಹತ್ತಿಯ ಉಂಡೆಯಿಂದ ಒರೆಸಿದಳು. ಬಿಳಿಯ ಹೊಗೆ ಎದ್ದು ಮಾಯವಾಗುವಷ್ಟರಲ್ಲಿ ಕಿಲುಬು ಹಿಡಿದಿದ್ದ ಪಾತ್ರೆಯ ಹೊಟ್ಟೆ ಕನ್ನಡಿಯಾಗಿತ್ತು.

"ಮೇಷ್ಟ್ರೇ, ಒಸಿ ಆ ಕಡೆ ನಿಂತ್ಕೊಳಿ," ಎಂದಳು ತಲೆಯೆತ್ತದೆ. "ಬಿಸ್ಲು ಬಿದ್ರೇನೇ ಕಪ್ಪು ಎಲ್ಲುಳೀತು ಅಂತ ಕಾಣೋದು."

ಮೇಷ್ಟರು ಸರಿದು ನಿಂತರು. ಮಕ್ಕಳು ಕಿಸಕ್ಕನೆ ನಕ್ಕರು.

ಅಮ್ಮಾಜಮ್ಮ ಕ್ಯಾಸಂಬಳ್ಳಿಯಿಂದಾಚೆಯ ಒಂದು ಹಳ್ಳಿಯ ಸೊಣ್ಣಪ್ಪನ ಮಗಳು. ಸೊಣ್ಣಪ್ಪ ತಿದಿಯನ್ನು ಹೆಗಲಿಗೆ ಹಾಕಿಕೊಂಡು ಊರೂರು ಸುತ್ತಿ ಕಲಾಯಿ ಹಾಕುತ್ತಿದ್ದವನು. ಗಂಡುಮಕ್ಕಳಿಲ್ಲದ ಕಾರಣ ತಿದಿಯೊತ್ತಲು ಮಗಳನ್ನೇ ಕೂರಿಸಿಕೊಳ್ಳುತ್ತಿದ್ದ. ಅವನ ಬಳಿ ಎರಡು ಡಬ್ಬಗಳಿದ್ದವು. ಒಂದರಲ್ಲಿ ಅಪ್ಪಟ ತವರ. ಅದು ಉಣ್ಣುವ, ಬೇಯಿಸುವ ಪಾತ್ರೆಗಳಿಗೆ. ಇನ್ನೊಂದರಲ್ಲಿ ಸೀಸ ಬೆರೆಸಿದ ಬೆಸುಗೆ. ಅದು ಬುಡ್ಡಿದೀಪಕ್ಕೆ, ಸೀಮೆಎಣ್ಣೆಯ ಆಲಿಕೆಗೆ, ಸೋರುವ ತಗಡಿಗೆ. ಒಂದರ ಚೂರು ಇನ್ನೊಂದಕ್ಕೆ ಬೀಳಬಾರದು. ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಅದು ಚಿಟಚಿಟನೆ ಸದ್ದು ಮಾಡುತ್ತದೆ. ಸೀಸ ಸುಮ್ಮನೆ ಬಾಗುತ್ತದೆ. ಮಗಳಿಗೆ ಅಕ್ಷರ ಕಲಿಸದಿದ್ದರೂ ಸೊಣ್ಣಪ್ಪ ಇದನ್ನು ಕಲಿಸಿದ್ದ.

"ಉಣ್ಣೋ ಪಾತ್ರೆಗೆ ಸೀಸ ತೋರಿಸ್ಬ್ಯಾಡ ಕಣಮ್ಮಿ," ಎನ್ನುತ್ತಿದ್ದ. "ಒಟ್ಟೆ ಇಡ್ಕೋತದೆ, ಕೈಕಾಲು ಬಿದ್ದೋಯ್ತದೆ."

ಮದುವೆಯಾಗಿ ಆಂಡರ್ಸನ್‌ಪೇಟೆಗೆ ಬಂದಾಗಲೇ ಅಮ್ಮಾಜಮ್ಮ ಎರಡೂ ಡಬ್ಬಗಳನ್ನು ತಂದಿದ್ದಳು; ಅವನ್ನು ಹೊರತೆಗೆದು ಕೆಲಸಕ್ಕೆ ಕುಳಿತದ್ದು ಮಗಳು ಬೆಳೆದ ಮೇಲೆ. ಗಂಡ ಆಂಜಿನಪ್ಪನಿಗೆ ಚಿನ್ನದ ಗಣಿಯ ಮರಮುಟ್ಟಿನ ಅಂಗಳದಲ್ಲಿ ಕೂಲಿ. ಸುರಂಗಕ್ಕೆ ಆನಿಸುವ ದಿಮ್ಮಿಗಳನ್ನು ಹೊತ್ತು ಹೊತ್ತು ಅವನ ಹೆಗಲಿನ ಮೇಲೊಂದು ಗಂಟು ಎದ್ದಿತ್ತು. ಹೆಂಡತಿ ಹೊರಗೆ ಕುಳಿತು ತಿದಿಯೊತ್ತುವುದು ಅವನಿಗೆ ಮೊದಮೊದಲು ನಾಚಿಕೆಯಾಗುತ್ತಿತ್ತಂತೆ. ಆಮೇಲೆ ಸಂಜೆ ತಾನೇ ಬಂದು ತಿದಿಯ ಮುಂದೆ ಕೂರತೊಡಗಿದ.

ಕಾಲಕ್ರಮದಲ್ಲಿ ಪೇಟೆಗೆ ಅಲ್ಯೂಮಿನಿಯಂ ಪಾತ್ರೆಗಳು ಬಂದವು. ಅವಕ್ಕೆ ಕಲಾಯಿ ಬೇಡ. ಹಬ್ಬ ಹತ್ತಿರವಾದರೂ ಅಮ್ಮಾಜಮ್ಮನ ಗುಳಿ ತಣ್ಣಗಿರುವಂತಾಯಿತು. ಆಗ ಅವಳಿಗೆ ಹೊಳೆದದ್ದೇ ಗಿಳಿಪಂಜರ. ಗಣಿಯ ಕೆಲಸಗಾರರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಆಗ ಗಿಳಿಯ ಹುಚ್ಚು. ನೆಲದಡಿಯ ಕತ್ತಲೆಯಲ್ಲಿ ಕೆಲಸ ಮಾಡಿ ಮೇಲೆ ಬಂದವರಿಗೆ ಬಾಗಿಲಲ್ಲೊಂದು ಹಸಿರು ಹಕ್ಕಿ ಹೆಸರು ಹಿಡಿದು ಕೂಗಿದರೆ ಅದೊಂದು ಸುಖ. ಪೇಟೆಯಲ್ಲಿ ಸಿಗುತ್ತಿದ್ದುದು ಬಿದಿರಿನ ಪಂಜರ; ಗಿಳಿ ಅದನ್ನು ಕಡಿದು ಹಾರಿಹೋಗುತ್ತಿತ್ತು. ಅಮ್ಮಾಜಮ್ಮ ತಂತಿಯನ್ನು ಕತ್ತರಿಸಿ, ಒಂದಕ್ಕೊಂದು ಕೂಡುವ ಪ್ರತಿಯೊಂದು ಕಡೆಯೂ ದಪ್ಪವಾಗಿ ಬೆಸುಗೆ ಇಟ್ಟಳು. ಬೆಸುಗೆಯ ಗುಂಡುಗಳು ಮುತ್ತು ಪೋಣಿಸಿದಂತೆ ಹೊಳೆಯುತ್ತಿದ್ದವು. ನೀರಿನ ಬಟ್ಟಲಿಗೂ ಕಾಳಿನ ಬಟ್ಟಲಿಗೂ ಮಾತ್ರ ಮರೆಯದೆ ಮೊದಲ ಡಬ್ಬದ ಅಪ್ಪಟ ತವರದಿಂದ ಕಲಾಯಿ ಹಾಕಿದಳು. ಹಕ್ಕಿಯೂ ಉಣ್ಣುವ ಜೀವವೇ ತಾನೆ, ಎಂದು ಅವಳ ಲೆಕ್ಕ.

ಪಂಜರಗಳು ಬಿಸಿದೋಸೆಯಂತೆ ಖರ್ಚಾದವು. ಮಗಳು ಕನಕಮ್ಮನನ್ನು ಬಂಗಾರಪೇಟೆಯ ಸೀನಪ್ಪನಿಗೆ ಕೊಟ್ಟು ಮದುವೆ ಮಾಡಿದಾಗ ಅಮ್ಮಾಜಮ್ಮ ಬಳುವಳಿಯ ಪಾತ್ರೆಗಳ ಜೊತೆಗೆ ಒಂದು ಪಂಜರವನ್ನೂ ಇಟ್ಟಳು. ಅಂಥ ಪಂಜರವನ್ನು ಅವಳು ಹಿಂದೆ ಮಾಡಿರಲಿಲ್ಲ. ಬಾಗಿಲಿನ ಸುತ್ತ ಬೆಸುಗೆಯಲ್ಲೇ ಎಸಳೆಸಳಾಗಿ ಹೂವುಗಳನ್ನು ಎತ್ತಿದ್ದಳು. ಸೀನಪ್ಪನ ತಾಯಿ ಅಕ್ಕಯ್ಯಮ್ಮ, ಸುಲಭಕ್ಕೆ ಹೊಗಳುವ ಹೆಂಗಸಲ್ಲ, ಅದನ್ನು ಜಗಲಿಯಲ್ಲಿ ತೂಗುಹಾಕಿ ತನ್ನ ಮುದ್ದಿನ ಗಿಳಿಯನ್ನು ಅದರಲ್ಲಿಟ್ಟಳು.

ಆ ವೇಳೆಗಾಗಲೇ ಲೈನ್ ಮನೆಗಳಲ್ಲಿ ಒಂದು ಗುಸುಗುಸು ಶುರುವಾಗಿತ್ತು. ಅಮ್ಮಾಜಮ್ಮನ ಪಂಜರದ ಗಿಳಿ ಬಹಳ ದಿನ ಬಾಳುವುದಿಲ್ಲ ಎಂದು. ಚೆನ್ನಾಗಿ ಮಾತಾಡುತ್ತಿದ್ದ ಹಕ್ಕಿ ಒಂದು ದಿನ ಗರಿ ಕೆದರಿಕೊಂಡು ಕೂರುತ್ತಿತ್ತು. ಆಮೇಲೆ ಹಿಕ್ಕೆ ನೀರಾಗಿ, ಕಾಲಿನ ಹಿಡಿತ ತಪ್ಪಿ, ಕಡ್ಡಿಯಿಂದ ಕೆಳಗೆ ಬೀಳುತ್ತಿತ್ತು. ಒಬ್ಬರು ಸೆಕೆ ಎಂದರು, ಇನ್ನೊಬ್ಬರು ದೃಷ್ಟಿ ಎಂದರು. ಅಮ್ಮಾಜಮ್ಮ ಬೆಕ್ಕಿನ ಹೆದರಿಕೆಯಿರಬೇಕೆಂದು ಎಣಿಸಿ ತಂತಿಗಳನ್ನು ಇನ್ನೂ ಒತ್ತಾಗಿ ಜೋಡಿಸಿದಳು. ಎಂದರೆ ಬೆಸುಗೆಯನ್ನು ಇನ್ನೂ ಹೆಚ್ಚು ಇಟ್ಟಳು.

ಮದುವೆಯ ಮರುವರ್ಷ ಅಕ್ಕಯ್ಯಮ್ಮನ ಗಿಳಿಯೂ ಸತ್ತಿತು. ಇತರರು ಬೆನ್ನ ಹಿಂದೆ ಆಡುತ್ತಿದ್ದುದನ್ನು ಅಕ್ಕಯ್ಯಮ್ಮ ಬೀದಿಯಲ್ಲಿ ನಿಂತು ಆಡಿದಳು: ಅಮ್ಮಾಜಮ್ಮನ ಕೈಗುಣ ಕೆಟ್ಟದ್ದು.

ಆಗ ಕನಕಮ್ಮ ಚೊಚ್ಚಲ ಬಸುರಿ. ಮೊದಲ ಬಾಣಂತನ ಹೆತ್ತಮ್ಮನ ಮನೆಯಲ್ಲಿ ಆಗಬೇಕೆಂಬುದು ನಮ್ಮ ಕಡೆಯ ವಾಡಿಕೆ. ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ನೀರು ಹುಯ್ಯುವವಳು ಅಜ್ಜಿ. ಅಮ್ಮಾಜಮ್ಮ ಹಳೆಯ ಸೀರೆಗಳನ್ನು ಒಗೆದು ಮಡಿಚಿಟ್ಟುಕೊಂಡು ಕಾಯುತ್ತಿದ್ದಳು. ಒಂದು ಭಾನುವಾರ ಅಳಿಯ ಸೀನಪ್ಪ ಒಬ್ಬನೇ ಬಂದ. ಕೊಟ್ಟ ಕಾಫಿಯನ್ನು ಕುಡಿಯದೆ ಲೋಟ ತಿರುಗಿಸುತ್ತ ಕುಳಿತ.

"ಕನಕನ್ನ ಯಾವಾಗ ಕಳಿಸ್ತೀರಪ್ಪ?" ಎಂದಳು ಅಮ್ಮಾಜಮ್ಮ.

"ಅದೇ ಅತ್ತೆ... ಅಮ್ಮ ಅಲ್ಲೇ ಮಾಡ್ತೀನಿ ಅಂತವ್ಳೆ."

"ಯಾಕಂತೆ?"

ಸೀನಪ್ಪ ಲೋಟದೊಳಕ್ಕೆ ನೋಡಿದ. "ಗಿಳಿ ಸತ್ತಿದ್ದು ಒಂದಾ ಎರಡಾ, ಆ ಕೈಲಿ ಮಗೂಗೆ ನೀರುಯ್ಯೋಕೆ ಬಿಡಲ್ಲ ಅಂತಾಳೆ. ನಾನೇನ್ ಮಾಡ್ಲಿ."

ಅಮ್ಮಾಜಮ್ಮ ಜಗಳವಾಡಲಿಲ್ಲ. ಅಳಿಯ ಹೋದ ಮೇಲೆ ಎರಡೂ ಅಂಗೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. ಬೆಂಕಿಗೆ ಸುಟ್ಟು ಕಪ್ಪಾದ, ತಂತಿ ಗೀರಿದ ಕೈಗಳು. ನಿಜವಿರಬಹುದೇ ಎಂಬ ಸಂದೇಹ ಅವಳಲ್ಲೇ ಹುಟ್ಟಿತು. ಅದೇ ಅವಳಿಗೆ ಎಲ್ಲಕ್ಕಿಂತ ಭಾರವಾದದ್ದು. ಮರುದಿನ ಪಕ್ಕದ ಮನೆಯ ಕೂಸು ತೆವಳಿಕೊಂಡು ಬಂದರೆ ಎತ್ತಿಕೊಳ್ಳದೆ, ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡಳು. ಬೆಸುಗೆಯ ಕೆಲಸವನ್ನು ನಿಲ್ಲಿಸಿದಳು.

ಅದಾದ ವಾರದೊಳಗೆ ಮುನಿಶಾಮಿ ಬಂದ. ಚಾಂಪಿಯನ್ ಗಣಿಯಲ್ಲಿ ನೆಲದಡಿ ಕೆಲಸ ಮಾಡುವ ತಮಿಳಿನವನು, ದೊಡ್ಡ ಬಾಯಿ, ಮೆದು ಮನಸ್ಸು. ಪಂಜರವನ್ನು ಅವಳ ಹೊಸ್ತಿಲಿನ ಮೇಲೆ ಕುಕ್ಕಿದ. ಒಳಗೆ ಅವನ ಗಿಳಿ ಮೂಲೆಯಲ್ಲಿ ಕಸದಂತೆ ಬಿದ್ದಿತ್ತು.

"ತಗೋ ಅಮ್ಮಾಜಕ್ಕಾ, ನಿನ್ ಪಂಜರ ನೀನೇ ಇಟ್ಕೋ. ಗಿಳೀನೂ ಇಟ್ಕೋ. ನನ್ ಕಣ್ಮುಂದೆ ಸಾಯೋದು ಬ್ಯಾಡ."

"ಏನು ತಿನ್ನಿಸ್ದೆ ಇದಕ್ಕೆ?"

"ನಾನ್ ತಿನ್ನೋದೇ. ಅನ್ನ, ಕಡ್ಲೆ, ಸೀಬೆಅಣ್ಣು. ನಾನಿನ್ನೂ ಬದುಕಿದ್ದೀನಲ್ಲ."

"ನಿಂದೇನು, ಕಲ್ಲು ತಿಂದ್ರೂ ಬದುಕ್ತೀಯ," ಎಂದ ಒಳಗಿನಿಂದ ಆಂಜಿನಪ್ಪ.

ಮುನಿಶಾಮಿ ನಗದೆ ಹೊರಟುಹೋದ.

ಅಮ್ಮಾಜಮ್ಮನಿಗೆ ಹಕ್ಕಿಯನ್ನು ಮುಟ್ಟಲು ಹೆದರಿಕೆ. ಮುಟ್ಟದೆ ಎದುರಿಗೆ ಕುಳಿತು ನೋಡುತ್ತಲೇ ಇದ್ದಳು. ಪಂಜರ ಮಾಡುವುದು ಗೊತ್ತಿತ್ತೇ ಹೊರತು, ಗಿಳಿ ಅದರೊಳಗೆ ಹೇಗೆ ಬದುಕುತ್ತದೆಂದು ಅವಳು ಅಷ್ಟು ಹೊತ್ತು ಕುಳಿತು ನೋಡಿದ್ದೇ ಇಲ್ಲ. ಬಿಸಿಲು ಒಳಗೆ ಬಂದಾಗ ಹಕ್ಕಿಗೆ ಸ್ವಲ್ಪ ಚೇತನ ಬಂತು. ಮೇಲಕ್ಕೆ ಹತ್ತಲು ನೋಡಿತು. ಕಾಲಿಗೆ ಬಲವಿಲ್ಲ, ಕೊಕ್ಕಿನಿಂದಲೇ ತಂತಿ ಹಿಡಿದು ಮೈಯನ್ನು ಎಳೆದುಕೊಂಡಿತು. ಕೊಕ್ಕು ಬೆಸುಗೆಯ ಗುಂಡಿನ ಮೇಲೆ ಬಂದಾಗ ಅಲ್ಲಿಯೇ ನಿಂತು, ಕಡಲೆ ಅಗಿಯುವಂತೆ ಅದನ್ನು ಅಗಿಯಿತು. ನಾಲಿಗೆಯಿಂದ ಉರುಳಿಸಿತು. ಮುಂದಿನ ಗುಂಡಿಗೆ ಹೋಯಿತು, ಅಲ್ಲಿಯೂ ಅದೇ.

ಅಮ್ಮಾಜಮ್ಮ ಎದ್ದು ಪಂಜರವನ್ನು ಬೆಳಕಿಗೆ ಹಿಡಿದಳು. ಮುತ್ತಿನಂತೆ ಹೊಳೆಯುತ್ತಿದ್ದ ಗುಂಡುಗಳಲ್ಲಿ ಅರ್ಧಕ್ಕರ್ಧ ಸವೆದಿದ್ದವು. ಉಳಿದವುಗಳ ಮೇಲೆ ಕೊಕ್ಕಿನ ಗೀರು. ಬಟ್ಟಲಿನ ಕಲಾಯಿ ಮಾತ್ರ ಹಾಗೆಯೇ ಇತ್ತು.

ಅಪ್ಪ ಎರಡು ಡಬ್ಬಗಳನ್ನು ಬೇರೆಬೇರೆ ಇಟ್ಟಿದ್ದ. ಉಣ್ಣುವುದಕ್ಕೆ ಒಂದು, ಉಳಿದದ್ದಕ್ಕೆ ಇನ್ನೊಂದು. ತಾನು ಬಟ್ಟಲನ್ನು ಉಣ್ಣುವುದರ ಕಡೆಗೂ, ಪಂಜರವನ್ನು ಬುಡ್ಡಿದೀಪದ ಕಡೆಗೂ ಸೇರಿಸಿದ್ದಳು. ಕೈಯಿಂದ ಹಿಡಿದು ಬಾಯಿಂದ ತಿನ್ನುವ ಮನುಷ್ಯರ ಲೆಕ್ಕ ಅದು. ಗಿಳಿಗೆ ಹಿಡಿಯುವ ಕೈಯೂ ತಿನ್ನುವ ಬಾಯಿಯೂ ಒಂದೇ. ಅದಕ್ಕೆ ಪಂಜರವೆಲ್ಲ ಊಟದ ತಟ್ಟೆಯೇ.

"ಇಲ್ ನೋಡು ಬಾ," ಎಂದು ಗಂಡನನ್ನು ಕರೆದು ತೋರಿಸಿದಳು. "ಕೈಯಲ್ಲ. ಸೀಸ."

ಆಂಜಿನಪ್ಪ ಉಗುರಿನಿಂದ ಒಂದು ಗುಂಡನ್ನು ಕೆರೆದು ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, "ಸರಿ, ಇನ್ಮೇಲೆ ಸೀಸ ಇಕ್ಕಬ್ಯಾಡ. ಆದ್ರೆ ಮಾರಿರೋದನ್ನ ಯಾಕೆ ಬಾಯ್ಬಿಡ್ತೀಯ. ತಪ್ಪು ನಮ್ದೇ ಅಂತ ನಾವೇ ಸಾರಿದ್ರೆ ನಾಳೆ ಯಾರ್ ಬತ್ತಾರೆ ನಮ್ಮತ್ರ?" ಎಂದ.

"ಕೈ ಕೆಟ್ಟಿದ್ರೆ ಕೈಯನ್ನ ಎಲ್ಲಿಗೆ ಬಿಟ್ಬರ್ಲಿ ನಾನು? ಸೀಸ ಕೆಟ್ಟದ್ದಾದ್ರೆ ಬಿಟ್ರೆ ಓಯ್ತದೆ. ನಂಗೆ ಇದಕ್ಕಿಂತ ಒಳ್ಳೆ ಸುದ್ದಿ ಇನ್ನೇನೈತೆ?" ಎಂದಳು ಅಮ್ಮಾಜಮ್ಮ. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಕಳೆ ಕಂಡಿತೆಂದು ಆಂಜಿನಪ್ಪ ಆಮೇಲೆ ಹೇಳುತ್ತಿದ್ದ.

ಹಕ್ಕಿಯನ್ನು ಬಿದಿರಿನ ಬುಟ್ಟಿಗೆ ಬದಲಾಯಿಸಿ, ಮೆತ್ತಗಿರಲೆಂದು ಹಳೆಯ ಸೀರೆಯ ತುಂಡನ್ನು ಹಾಸಿದಳು. ಬೆಳಗ್ಗೆ ನೋಡಿದರೆ ಸೀರೆಯ ಎಳೆಯೊಂದು ಅದರ ಬೆರಳಿಗೆ ಸುತ್ತಿಕೊಂಡು ಬೆರಳು ಊದಿತ್ತು. ಎಳೆಯನ್ನು ಕತ್ತರಿಸಿ ಬಿಡಿಸಿ, ಬಟ್ಟೆಯನ್ನು ತೆಗೆದು ರಾಗಿಹುಲ್ಲು ಹಾಸಿದಳು. ಒಳ್ಳೆಯದೆಂದು ಮಾಡಿದ್ದೂ ಹಕ್ಕಿಗೆ ಹೇಗೆ ಕೇಡಾಗಬಹುದೆಂದು ಅವಳಿಗೆ ಆಗ ಎರಡನೆಯ ಬಾರಿ ತಿಳಿಯಿತು. ಅಂದಿನಿಂದ ಅವಳು ಏನನ್ನಾದರೂ ಒಳಗಿಡುವ ಮೊದಲು ಕೊಕ್ಕು ಇದನ್ನು ಏನು ಮಾಡೀತು, ಉಗುರು ಇದನ್ನು ಏನು ಮಾಡೀತು ಎಂದು ಯೋಚಿಸತೊಡಗಿದಳು.

ಹಕ್ಕಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತಿರುವಾಗಲೇ ಅವಳು ಮುನಿಶಾಮಿಯ ಪಂಜರವನ್ನು ಚೀಲದಲ್ಲಿಟ್ಟುಕೊಂಡು ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋದಳು. ಅಕ್ಕಯ್ಯಮ್ಮ ಜಗಲಿಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಬಾ ಎನ್ನಲಿಲ್ಲ, ಮಣೆಯನ್ನು ಮಾತ್ರ ಕಾಲಿನಿಂದ ಮುಂದಕ್ಕೆ ಸರಿಸಿದಳು. ತುಂಬಿದ ಬಸುರಿ ಕನಕಮ್ಮ ಬಾಗಿಲಿಗೆ ಒರಗಿ ನಿಂತಳು.

"ಅಕ್ಕಾ, ನಿಮ್ ಗಿಳಿ ಸತ್ತಿದ್ದು ನನ್ನಿಂದ್ಲೇ," ಎಂದಳು ಅಮ್ಮಾಜಮ್ಮ ಕೂತವಳೇ.

ಅಕ್ಕಯ್ಯಮ್ಮನ ಕೈ ನಿಂತಿತು.

"ಆ ಪಂಜರ ಎಲ್ಲೈತೆ?" ಎಂದು ಅಮ್ಮಾಜಮ್ಮನೇ ಕೇಳಿದಳು.

"ಅಟ್ಟದ ಮ್ಯಾಲೆ. ಬಿಸಾಕಾಕೆ ಮನಸ್ ಬರ್ಲಿಲ್ಲ."

ಕೆಳಗಿಳಿಸಿದರು. ಬಾಗಿಲಿನ ಸುತ್ತಲಿನ ಹೂವುಗಳಲ್ಲಿ ಹೊರಗಿನ ಎಸಳುಗಳು ಮಾತ್ರ ಉಳಿದಿದ್ದವು. ಒಳಮುಖದವು ಬುಡದವರೆಗೆ ಸವೆದಿದ್ದವು.

"ತುಕ್ಕಿಗೆ ಉದುರಿದ್ದು ಅಂದ್ಕೊಂಡಿದ್ದೆ," ಎಂದಳು ಅಕ್ಕಯ್ಯಮ್ಮ.

"ಸೀಸಕ್ಕೆ ಎಲ್ಲೀ ತುಕ್ಕು? ಇದು ಕೊಕ್ಕಿನ ಗುರುತು. ಇಷ್ಟೂ ಅದರ ಒಟ್ಟೆಗೆ ಓಗೈತೆ." ಅಮ್ಮಾಜಮ್ಮ ಚೀಲದ ಪಂಜರವನ್ನೂ ಪಕ್ಕದಲ್ಲಿಟ್ಟು ಎರಡನ್ನೂ ತೋರಿಸಿದಳು. ಅಪ್ಪನ ಎರಡು ಡಬ್ಬಗಳ ವಿಷಯವನ್ನೂ ಮುಚ್ಚದೆ ಹೇಳಿದಳು.

ಅಕ್ಕಯ್ಯಮ್ಮ ಬೆರಳಿನಿಂದ ಸವೆದ ಹೂವನ್ನು ಮುಟ್ಟಿದಳು. "ದಿನಾ ಬೆಳಗ್ಗೆ ಇದನ್ನೇ ಕಡೀತಾ ಕೂತಿರ್ತಿತ್ತು ಕಣಮ್ಮ. ಊವಿನ ಜೊತೆ ಆಟ ಆಡ್ತದೆ ಅಂತ ನಾನೂ ನಗ್ತಿದ್ದೆ." ಕಣ್ಣು ಒರೆಸಿಕೊಂಡಳು. ಆದರೆ ಅವಳು ಅಷ್ಟು ಬೇಗ ಸೋಲುವವಳಲ್ಲ. "ನೀನು ಏಳೋದು ಸರಿ ಇರ್ಬೋದು. ಆ ತಮಿಳಿನವನ ಗಿಳಿ ಬದುಕ್ಲಿ, ನೋಡ್ತೀನಿ. ನನ್ ಮೊಮ್ಮಗೂನ ಬರೀ ಮಾತಿಗೆ ಒಪ್ಪಿಸೋಕಾಯ್ತದಾ?"

"ಬ್ಯಾಡಿ. ನಾನಾಗಿದ್ರೂ ಒಪ್ಪಿಸ್ತಿರ್ಲಿಲ್ಲ," ಎಂದಳು ಅಮ್ಮಾಜಮ್ಮ.

ಊರಿಗೆ ಮರಳಿ ಅವಳು ಹಕ್ಕಿಯನ್ನು ಕಾಯುತ್ತ ಕೂರಲಿಲ್ಲ. ಲೈನ್ ಲೈನಿಗೆ ಹೋಗಿ ತಾನು ಮಾರಿದ್ದ ಪಂಜರಗಳನ್ನು ಕೇಳಿ ಇಳಿಸಿಕೊಂಡಳು. ಕೆಲವರು ಬೈದರು. ಒಬ್ಬಳಂತೂ, ಇಷ್ಟು ದಿನ ಬದುಕಿರುವ ಗಿಳಿಯನ್ನು ಈಗ ಮನೆ ಬಿಡಿಸಿ ಕೊಲ್ಲಲು ಬಂದೆಯಾ ಎಂದು ಬಾಗಿಲು ಹಾಕಿಕೊಂಡಳು. ಅಮ್ಮಾಜಮ್ಮ ಮರುದಿನ ಮತ್ತೆ ಹೋಗಿ ಅದೇ ಬಾಗಿಲು ತಟ್ಟಿದಳು. ಮನೆಯಲ್ಲಿ ಬೆಸುಗೆಯನ್ನೆಲ್ಲ ಕಾಯಿಸಿ ಇಳಿಸಿ, ತಂತಿಗಳನ್ನು ಹುಣಿಸೆಹಣ್ಣು ಬೂದಿ ಹಾಕಿ ತಿಕ್ಕಿ, ಕೂಡುವ ಕಡೆಯಲ್ಲೆಲ್ಲ ತಂತಿಯನ್ನು ತಂತಿಯಿಂದಲೇ ತಿರುಚಿ ಬಿಗಿದಳು. ಮೊನೆಗಳನ್ನು ಹೊರಕ್ಕೆ ಮಡಿಸಿ ತಟ್ಟಿದಳು. ತಿರುಚುವ ಕೆಲಸಕ್ಕೆ ಆಂಜಿನಪ್ಪನ ಬಲವಾದ ಬೆರಳುಗಳು ಬೇಕಾದವು. ಸಾರಬೇಡವೆಂದವನೇ ಸಂಜೆಯೆಲ್ಲ ಇಕ್ಕುಳ ಹಿಡಿದು ಕೂತ.

ಬುಟ್ಟಿಯ ಹಕ್ಕಿ ಮೊದಲು ನವಣೆ ಕುಟುಕಿತು. ಆಮೇಲೆ ಕಾಲಮೇಲೆ ನಿಂತಿತು. ಆದರೂ ಅದರ ಬಾಯಿ ಬಿದ್ದಿತ್ತು. ಕನಕಮ್ಮನ ದಿನಗಳು ಹತ್ತಿರವಾಗುತ್ತಿದ್ದವು, ಬಂಗಾರಪೇಟೆಯಿಂದ ಸುದ್ದಿಯಿಲ್ಲ. ಒಂದು ಮುಂಜಾನೆ, ಗಣಿಯ ಪಾಳಿಯ ಕೂಗು ಆದ ಮೇಲೆ, ಬುಟ್ಟಿಯೊಳಗಿನಿಂದ ಕರ್ಕಶವಾದ ದನಿಯೊಂದು ಎದ್ದಿತು: "ಡೇಯ್ ಮುನಿಶಾಮಿ, ಎಳುಂದಿರುಡಾ."

ಏಳೋ ಮುನಿಶಾಮಿ ಎಂದು ಅದರ ಅರ್ಥ. ಮುನಿಶಾಮಿಯ ತಾಯಿ ಅವನನ್ನು ಪಾಳಿಗೆ ಎಬ್ಬಿಸುತ್ತಿದ್ದ ರೀತಿ ಅದು. ಆಂಜಿನಪ್ಪ ಚಾಪೆಯ ಮೇಲೆ ಎದ್ದು ಕುಳಿತು, "ಎದ್ದೆ ತಾಯಿ," ಎಂದ. ಅಮ್ಮಾಜಮ್ಮ ಒಲೆಯ ಮುಂದೆ ನಗುತ್ತ ಅಳುತ್ತ ಕುಳಿತಳು.

ಹಕ್ಕಿಯನ್ನು ಒಯ್ಯಲು ಬಂದ ಮುನಿಶಾಮಿಯ ಮಾತು ನಿಲ್ಲಲೇ ಇಲ್ಲ. ಅವನು ಕೇಳದವರಿಗೂ ಕಥೆ ಹೇಳಿದ. ಮುಂದಿನ ಸಂತೆಯ ದಿನ ಗಿಳಿಯನ್ನು ಹೊಸ ಪಂಜರದಲ್ಲಿಟ್ಟುಕೊಂಡು, ಯಾರೂ ಹೇಳದೆಯೇ, ಬಂಗಾರಪೇಟೆಗೆ ಹೋಗಿ ಅಕ್ಕಯ್ಯಮ್ಮನ ಜಗಲಿಯಲ್ಲಿ ಇಳಿಸಿದ.

"ಸಾಯೋ ಗಿಳಿ ಇದೇ ನೋಡಮ್ಮ. ಅಮ್ಮಾಜಕ್ಕನ ಕೈಲೇ ಎದ್ದು ಬಂತು," ಎಂದ.

ಗಿಳಿ ಅಕ್ಕಯ್ಯಮ್ಮನನ್ನು ತಲೆ ವಾರೆ ಮಾಡಿ ನೋಡಿ, ಎಳುಂದಿರುಡಾ ಎಂದಿತು.

"ನಂಗೇ ಏಳು ಅಂತದಲ್ಲೋ ಇದು," ಎಂದು ಅಕ್ಕಯ್ಯಮ್ಮ ನಕ್ಕುಬಿಟ್ಟಳು. ಪಂಜರವನ್ನು ಎಲ್ಲ ಮಗ್ಗುಲಿಗೂ ತಿರುಗಿಸಿ, ತಿರುಚಿದ ಕಡೆಗಳ ಮೇಲೆ ಹೆಬ್ಬೆರಳು ಆಡಿಸಿ ಪರೀಕ್ಷಿಸಿದಳು. ಮರುದಿನದ ರೈಲಿನಲ್ಲಿ ಸೊಸೆಯನ್ನು ತಾನೇ ಕರೆದುಕೊಂಡು ಆಂಡರ್ಸನ್‌ಪೇಟೆಗೆ ಬಂದಳು.

ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು. ಬಿಸಿನೀರು ಕಾದಾಗ ಅಮ್ಮಾಜಮ್ಮ ಹುಣಿಸೆಹಣ್ಣಿನಿಂದ ಮೊಣಕೈವರೆಗೆ ತಿಕ್ಕಿ ತೊಳೆದು, ಕಾಲು ಚಾಚಿ ಕುಳಿತಳು. ಅಷ್ಟಾದರೂ ಮಗುವನ್ನು ಎತ್ತಿಕೊಳ್ಳಲು ಅವಳ ಕೈ ಮುಂದೆ ಬರಲಿಲ್ಲ.

"ಇನ್ನೂ ಏನು ನೋಡ್ತೀಯ, ನೀರು ಆರೋಗ್ತದೆ," ಎಂದು ಅಕ್ಕಯ್ಯಮ್ಮ ಕೂಸನ್ನು ತಂದು ಅವಳ ಕಾಲಮೇಲೆ ಮಲಗಿಸಿದಳು. "ಅಂಗೇ ನನಗೊಂದು ಪಂಜರ ಮಾಡ್ಕೊಡು. ಊವು ಗೀವು ಬ್ಯಾಡ."

ಈಗ ೧೯೬೯. ಅಮ್ಮಾಜಮ್ಮನಿಗೆ ಐವತ್ತು ದಾಟಿದೆ. ಕಲಾಯಿ ಹಾಕಿಸುವವರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಪಂಜರದ ಕೆಲಸ ಮಾತ್ರ ನಿಂತಿಲ್ಲ. ಮೇಲಿನಿಂದ ಜಾರಿ ಬೀಳುವ ಬಾಗಿಲನ್ನು ಅವಳು ಈಗ ಇಡುವುದಿಲ್ಲ. ಒಮ್ಮೆ ಅದು ಹಕ್ಕಿಯ ಕತ್ತಿನ ಮೇಲೆ ಬೀಳುವುದರಲ್ಲಿತ್ತು. ಪಕ್ಕಕ್ಕೆ ತೆರೆಯುವ ಬಾಗಿಲು, ಅದಕ್ಕೊಂದು ಕೊಕ್ಕೆ. ತಂತಿಗಳ ನಡುವೆ ಗಿಳಿಯ ತಲೆ ತೂರಬಾರದು ಎಂದು ತನ್ನ ಬೆರಳಿಟ್ಟು ಅಳೆಯುತ್ತಾಳೆ. ಕೊಳ್ಳುವವರು ಬಣ್ಣ ಬಳಿದುಕೊಡು ಎಂದರೆ, ಬಣ್ಣ ಬೇಕಾದರೆ ನಿಮ್ಮ ಮನೆಯ ಗೋಡೆಗೆ ಬಳಿಸಿಕೊಳ್ಳಿ ಎನ್ನುತ್ತಾಳೆ.

ಮಾರಿದ್ದ ಹಳೆಯ ಪಂಜರಗಳೆಲ್ಲ ಅವಳಿಗೆ ಸಿಕ್ಕಿಲ್ಲ. ಗಣಿಯ ಕೆಲಸ ಬಿಟ್ಟವರು ಅವನ್ನು ಹೊತ್ತುಕೊಂಡು ತಮ್ಮ ತಮ್ಮ ಊರು ಸೇರಿದ್ದಾರೆ. ಆದ್ದರಿಂದ ಅಮ್ಮಾಜಮ್ಮ ಯಾವ ಬೀದಿಯಲ್ಲಿ ನಡೆದರೂ ಜಗಲಿಗಳನ್ನು ನೋಡುತ್ತ ನಡೆಯುತ್ತಾಳೆ. ಹೋದ ತಿಂಗಳು ಕ್ಯಾಸಂಬಳ್ಳಿಯಲ್ಲಿ ಬಸ್ಸು ನಿಂತಾಗ, ವೆಂಕಟೇಶಪ್ಪನೆಂಬವನ ಹೋಟೆಲಿನ ಮುಂದೆ ತನ್ನದೇ ಬೆಸುಗೆಯ ಹಳೆಯ ಪಂಜರವೊಂದು ಕಂಡಿತು. ಅದರಲ್ಲಿ ಗಿಳಿಯಿರಲಿಲ್ಲ, ಕೋಳಿಮರಿಗಳಿದ್ದವು. ಅವಳು ಬಸ್ಸಿನಿಂದ ಇಳಿದೇಬಿಟ್ಟಳು.

"ಗಿಳಿ ಸಾಕಲ್ಲಮ್ಮ ನಾವು, ಇದು ಬರೀ ಮರಿಗೆ," ಎಂದ ವೆಂಕಟೇಶಪ್ಪ.

"ಮರಿಗೆ ಕೊಕ್ಕಿಲ್ವಾ?" ಎಂದಳು ಅಮ್ಮಾಜಮ್ಮ. ಮರಿಗಳನ್ನು ಮಂಕರಿ ಬುಟ್ಟಿಯ ಕೆಳಗೆ ಕೂಡಿಹಾಕಿಸಿ, ಹೋಟೆಲಿನ ಒಲೆಯಲ್ಲೇ ಕಬ್ಬಿಣದ ಕಡ್ಡಿ ಕಾಯಿಸಿಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು ಒಂದೊಂದೇ ಗುಂಡನ್ನು ಇಳಿಸಿ ತಂತಿ ತಿರುಚಿ ಬಿಗಿಯುತ್ತ ಕುಳಿತಳು. ಅಷ್ಟರಲ್ಲಿ ಬಸ್ಸು ಹೊರಟುಹೋಯಿತು. ಸಂಜೆ ಇನ್ನೊಂದು ಬಸ್ಸಿತ್ತು.